ಪಳ್ಳಿಯಿಂದ ಬೆಲ್ಲ ಬರುವುದು

ಕಡಬ ಪೇಟೆಯಲ್ಲಿ, ಜೀಪುಗಳು ನಿಲ್ಲುವ ಜಾಗದ ಎದುರು, ನನ್ನದೊಂದು ಪ್ರಿಂಟಿಂಗ್ ಪ್ರೆಸ್ ಇದೆ. ಅಪ್ಪನ ಕಾಲದ್ದು. ಆಮಂತ್ರಣ ಪತ್ರಿಕೆಗಳೇ ನಮಗೆ ಅನ್ನ. ಎರಡು ವರ್ಷಗಳ ಹಿಂದೆ ಅಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಮೊದಲು ಬೇರೆಯವರ ಮೇಲೆ, ಆಮೇಲೆ ನನ್ನ ಮೇಲೆ. ಜಾಸ್ತಿ ಉರಿಯುವುದು ಎರಡನೆಯದೇ.

ಅಪ್ಪ ಪ್ರೆಸ್ ತೆರೆದಾಗ ಅಚ್ಚುಮೊಳೆ ಜೋಡಿಸಲು ಒಬ್ಬ ಬ್ಯಾರಿ ಮುಸ್ಲಿಂ ಹುಡುಗನನ್ನು ಇಟ್ಟುಕೊಂಡಿದ್ದರು. ಆ ಹುಡುಗ ಮುದುಕರಾಗುವವರೆಗೂ ನಮ್ಮಲ್ಲೇ ಇದ್ದರು. ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂತು, ಅವರು ಅದನ್ನೂ ಕಲಿತರು. ನಾನು ಅವರನ್ನು ಕಾಕ ಎನ್ನುತ್ತಿದ್ದೆ. ನನ್ನನ್ನು ಅವರು ಚಡ್ಡಿ ಹಾಕುವಾಗಿನಿಂದ ಬಲ್ಲವರು, ಗಿರಾಕಿಗಳ ಎದುರೇ ಬೈಯುತ್ತಿದ್ದರು.

ಅವರದೊಂದು ಹಟವಿತ್ತು. ತಮ್ಮ ದೇವರ ಜಾಗವನ್ನು ಯಾರು ಏನೆಂದು ಕರೆಯುತ್ತಾರೋ ಕಾರ್ಡಿನಲ್ಲೂ ಅದೇ ಇರಬೇಕು. ಕೊಂಕಣಿ ಕ್ರಿಶ್ಚಿಯನ್ನರ ಕಾರ್ಡಿಗೆ ಇಗರ್ಜಿ, ಜೈನರದಕ್ಕೆ ಬಸದಿ, ಅವಳಿ ವೀರರಾದ ಬೈದ್ಯರನ್ನು ನಂಬಿದವರದಕ್ಕೆ ಗರಡಿ, ನಮ್ಮದಕ್ಕೆ ದೈವಸ್ಥಾನ. ಒಮ್ಮೆ ಬೆಟ್ಟಂಪಾಡಿ ಕಡೆಯವರೊಬ್ಬರು ಗಾಂಭೀರ್ಯಕ್ಕಿರಲಿ ಎಂದು ತಮ್ಮ ಗರಡಿಯನ್ನು ‘ದೇವಾಲಯ’ ಎಂದು ಬರೆದು ತಂದಿದ್ದರು. ಕಾಕ ಕಾಗದವನ್ನು ವಾಪಸ್ ಅವರ ಕೈಗಿಟ್ಟು, “ನಿಮ್ಮ ಅಜ್ಜ ಹೋಗ್ತಾ ಇದ್ದದ್ದು ದೇವಾಲಯಕ್ಕಾ, ಗರಡಿಗಾ? ಮನೆಗೆ ಹೋಗಿ ಕೇಳಿಕೊಂಡು ಬನ್ನಿ ಮಾರಾಯ್ರೆ” ಎಂದಿದ್ದರು. ಸ್ವಂತದವರನ್ನೂ ಬಿಟ್ಟವರಲ್ಲ. ಮಸೀದಿ ಕಮಿಟಿಯವರು ಇಡೀ ಕಾರ್ಡಿನಲ್ಲಿ ‘ಜುಮಾ ಮಸೀದಿ’ ಎಂದೇ ಇರಲಿ ಎಂದರೆ, “ಬೋರ್ಡಿನಲ್ಲಿ ಹಾಗೆ ಬರೆಯಿರಿ. ಮಕ್ಕಳು ಹೋಗುದು ಪಳ್ಳಿಗೆ” ಎನ್ನುವರು.

ನಮ್ಮ ದೈವಸ್ಥಾನದ ವರ್ಷದ ಉತ್ಸವ ನೇಮದ ಕಾರ್ಡಿನಲ್ಲಿ ಅಪ್ಪನ ಕಾಲದಿಂದಲೂ ಒಂದು ಸಾಲಿತ್ತು: ‘ಸಂಜೆ, ಪಳ್ಳಿಯಿಂದ ಬೆಲ್ಲ ಬರುವುದು.’ ದೈವದ ಭಂಡಾರ, ಅಂದರೆ ಅದರ ಒಡವೆ ಆಯುಧಗಳನ್ನು, ಹೊತ್ತು ತರುವ ದಾರಿಯಲ್ಲಿ ಪಳ್ಳಿ ಇದೆ. ಹೊತ್ತವರಿಗೆ ಕೊಡುವ ಪಾನಕಕ್ಕೆ ಬೆಲ್ಲ ಪಳ್ಳಿಯದು. ಅವರ ಉರೂಸಿಗೆ ತೆಂಗಿನಕಾಯಿ ನಮ್ಮದು. ಯಾವಾಗ, ಯಾರು ಶುರು ಮಾಡಿದ್ದೋ ಯಾರಿಗೂ ಗೊತ್ತಿಲ್ಲ, ಯಾರೂ ಕೇಳಿರಲಿಲ್ಲ.

ಆ ವರ್ಷ ನೇಮದ ಕಾರ್ಡಿನ ಪ್ರೂಫ್ ನೋಡಲು ಬಂದವನು ಸಮಿತಿಯ ಹೊಸ ಕಾರ್ಯದರ್ಶಿ. ಶಾಲೆಯಲ್ಲಿ ನನ್ನ ಪಕ್ಕ ಕೂತು ನನ್ನದನ್ನೇ ನೋಡಿ ಬರೆದವನು. ಬೆರಳನ್ನು ಆ ಸಾಲಿನ ಮೇಲಿಟ್ಟ.

“ಇದು ಎಂತಕ್ಕೆ?”

“ಪ್ರತಿ ವರ್ಷ ಉಂಟಲ್ಲ ಮಾರಾಯ.”

“ನಮ್ಮ ಕಾರ್ಡಿನಲ್ಲಿ ಪಳ್ಳಿ ಎಂತಕ್ಕೆ ಅಂತ ಹುಡುಗರು ಕೇಳ್ತಾರೆ. ‘ಊರವರಿಂದ ಬೆಲ್ಲ’ ಅಂತ ಹಾಕು, ಸಾಕು.”

ಕಂಪ್ಯೂಟರಿನ ಮುಂದೆ ಕೂತಿದ್ದ ಕಾಕ ತಿರುಗಿದರು. “ಕೊಡುದು ಪಳ್ಳಿ. ಹೆಸರು ಬೇಡ ಅಂತಾದ್ರೆ ಬೆಲ್ಲವೂ ಬೇಡ ಅಂತ ಹೇಳಿ.”

ಅವನು ಅವರ ಕಡೆ ನೋಡಲೂ ಇಲ್ಲ. ನನಗೆ ಹೇಳಿದ: “ಹಾಗಾದ್ರೆ ಪೂರ್ತಿ ಸಾಲೇ ತೆಗಿ. ಮತ್ತೆ, ನಮ್ಮ ದೈವದ ಕೆಲಸ ಇವರ ಕೈಯಲ್ಲೇ ಯಾಕೆ ಮಾಡಿಸ್ತಿ? ಪುತ್ತೂರಿನಲ್ಲಿ ಪ್ರೆಸ್ ಇಲ್ವಾ ನಮಗೆ?”

ನಮ್ಮ ದೈವಗಳ ಹೆಸರನ್ನು, ಬಿರುದುಗಳನ್ನು, ಯಾರ ಹಿಂದೆ ಯಾರು ಬರಬೇಕೆಂಬ ಕ್ರಮವನ್ನು ಆ ಕಾರ್ಯದರ್ಶಿಗಿಂತ ಚೆನ್ನಾಗಿ ಬಲ್ಲ ಕೈ ಅದು. ಅವನ ಮದುವೆಯ ಕಾಗದ ಜೋಡಿಸಿದ್ದೂ ಅದೇ ಕೈ. ಅವನಿಗೆ ಎಷ್ಟು ಸೊಕ್ಕು! ಎದ್ದು ಹೊರಗೆ ಹಾಕಬೇಕಿತ್ತು. ನಾನು ಹೇಳಿದ್ದು ಇಷ್ಟು:

“ಕಾಕ, ಒಂದು ಸಾಲಲ್ವಾ. ತೆಗೀರಿ.”

ಕಾಕ ಕನ್ನಡಕ ತೆಗೆದು, ಮಡಚಿ, ಅಂಗಿಯ ಜೇಬಿಗೆ ಹಾಕಿದರು. “ನಾನು ಜೋಡಿಸಿದ್ದು. ನಾನು ತೆಗಿಯುದಿಲ್ಲ. ನಿನಗೆ ಬೇಕಾದ್ರೆ ನೀನೇ ತೆಗಿ.” ಕೊಡೆ ಹಿಡಿದು ಮೆಟ್ಟಿಲಿಳಿದು ಹೋದರು.

ನಾನು ಅವರ ಕುರ್ಚಿಯಲ್ಲೇ ಕೂತು ಒಂದು ಕೀಲಿ ಒತ್ತಿದೆ. ಸಾಲು ಹೋಯಿತು. ಕೆಳಗಿನ ಸಾಲು ತಾನಾಗಿ ಮೇಲೆ ಬಂದು ಕೂತಿತು, ಅಲ್ಲಿ ಏನೂ ಇರಲೇ ಇಲ್ಲವೆಂಬಂತೆ. ಅಚ್ಚುಮೊಳೆಯ ಕಾಲದಲ್ಲಾಗಿದ್ದರೆ ಒಂದೊಂದೇ ಅಕ್ಷರವನ್ನು ಚಿಮಟದಲ್ಲಿ ಕೀಳಬೇಕಿತ್ತು. ನಾಚಿಕೆಪಡಲು ಅಷ್ಟು ಹೊತ್ತಾದರೂ ಸಿಗುತ್ತಿತ್ತು.

ಆ ವರ್ಷ ಪಾನಕಕ್ಕೆ ಅಂಗಡಿಯ ಬೆಲ್ಲ. ಭಂಡಾರ ಪಳ್ಳಿಯ ಎದುರು ಬಂದಾಗ ಹಿರಿಯರು ಅಭ್ಯಾಸಬಲದಿಂದ ನಿಂತರು. ಕಾರ್ಯದರ್ಶಿ “ನಡೀರಿ, ನಡೀರಿ” ಎಂದ. ನಡೆದರು. ಒಬ್ಬನಾದರೂ ಏನಾದರೂ ಅಂದನೇ? ಬಾಯಿ ತೆರೆದದ್ದೆಲ್ಲ ಪಾನಕ ಕುಡಿಯಲು. ನಾನೂ ಎರಡು ಲೋಟ ಕುಡಿದೆ.

ಕಾಕ ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮನೆಯವರೆಗೆ ಹೋಗಲು ಮುಖವಿರಲಿಲ್ಲ. ಅವರ ಜಾಗಕ್ಕೆ ಬಂದ ಹೊಸ ಹುಡುಗಿಗೆ ಬೆರಳು ಚುರುಕು, ಆದರೆ ಎಲ್ಲವೂ ಅವಳಿಗೆ ‘ಶ್ರೀ ಕ್ಷೇತ್ರ’. ಅರಂತೋಡಿನ ಗರಡಿಯವರು ಕಟ್ಟುಕಟ್ಟು ಕಾರ್ಡುಗಳನ್ನು ಮೇಜಿನ ಮೇಲೆ ಕುಕ್ಕಿ, “ಇದು ಯಾರದ್ದು? ನಮ್ಮದಂತೂ ಅಲ್ಲ. ನಿಮ್ಮ ಕಾಕ ಎಲ್ಲಿ?” ಎಂದರು. ಹುಷಾರಿಲ್ಲ ಎಂದೆ. ಅದೂ ಸುಳ್ಳು.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಾಕ ಬಂದರು. ನನ್ನ ಎದೆ ಹಗುರಾಯಿತು. ಓಡಿಹೋಗಿ ಅವರ ಕುರ್ಚಿ ಎಳೆದು ಕೊಟ್ಟೆ. ಅವರು ಕೂರಲಿಲ್ಲ. ಗಿರಾಕಿಗಳ ಬೆಂಚಿನಲ್ಲಿ, ಎರಡು ಮದುವೆ ಪಾರ್ಟಿಗಳ ನಡುವೆ ಕೂತು ಸರದಿ ಕಾದರು. ಸರದಿ ಬಂದಾಗ ಜೇಬಿನಿಂದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟರು. ಉರೂಸಿನ ಕಾರ್ಡಿನ ಬರಹ, ಅವರದೇ ದುಂಡು ಅಕ್ಷರ.

ಓದುತ್ತಾ ಹೋದೆ. ಅನ್ನದಾನದ ಮೇಲಿನ ಸಾಲು ಎಂದಿನಂತೆ ಅಲ್ಲೇ ಇತ್ತು: ‘ದೈವಸ್ಥಾನದಿಂದ ತೆಂಗಿನಕಾಯಿ ಬರುವುದು.’

“ಕಾಕ, ಈ ಸಲ ಕಾಯಿ ಬರ್ತದೋ ಇಲ್ಲವೋ...” ಎಂದೆ.

“ಬರುದು ಬಿಡುದು ಅವರಿಗೆ ಬಿಟ್ಟದ್ದು. ಹಾಕುದು ನಮ್ಮ ಕ್ರಮ,” ಎಂದರು. ಎದ್ದು ಕೊಡೆ ಹುಡುಕಿಕೊಂಡರು. ಚಡ್ಡಿಯ ಕಾಲದಿಂದ ನನ್ನನ್ನು ನೀನು ಎಂದವರು, ಬಾಗಿಲಲ್ಲಿ ನಿಂತು, ಬೆಂಚಿನಲ್ಲಿದ್ದವರಿಗೂ ಕೇಳುವಂತೆ ಹೇಳಿದರು:

“ಆ ಸಾಲು ತೆಗಿಬೇಡಿ. ನಿಮಗೆ ಅಭ್ಯಾಸ ಉಂಟಲ್ಲ, ಅದಕ್ಕೆ ಹೇಳಿದ್ದು.”