ಮೇಲ್ಬದಿಯ ಬೆಸುಗೆ

ಅಕ್ಕ ಕೇಳಿದ ಕೆಲಸವನ್ನು ನಾನು ಪೂರ್ತಿ ಮಾಡಲಿಲ್ಲ. ಮಾಡಿದ್ದೇನೆ ಎಂದು ಹೇಳಿದೆ. ಆ ಕಾರಣಕ್ಕೇ ಕೊಯಮತ್ತೂರಿನಲ್ಲಿ ಅವಳ ಕಾರನ್ನು ಒಳಗೆ ಬಿಡದೆ ಹೋದಾಗ ಅವಳು ನನ್ನ ಪರವಾಗಿ ಜಗಳಕ್ಕೆ ನಿಂತಳು. ನಾನು ಪಕ್ಕದಲ್ಲೇ ಇದ್ದೂ ನಿಜ ಹೇಳಲಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಇಷ್ಟುದ್ದ ಯಾವತ್ತೂ ಬರೆದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನದು ಬಿಳಿಕೆರೆಯಲ್ಲಿ, ಮೈಸೂರು ರಸ್ತೆಗೆ ಮುಖ ಮಾಡಿದ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಸರಳು, ಟ್ರೇಲರಿನ ಕೊಂಡಿ ಎಲ್ಲ ಮಾಡುತ್ತೇನೆ. ಆದರೆ ಹೊಟ್ಟೆಗೆ ಅನ್ನ ಹಾಕುವುದು ಬ್ಯಾರನ್ ಕೆಲಸ. ಹೊಗೆಸೊಪ್ಪನ್ನು ಬೇಯಿಸಿ ಹದ ಮಾಡುವ ಎತ್ತರದ ಮನೆಗೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಬ್ಯಾರನ್ ಅನ್ನುತ್ತಾರೆ. ಒಲೆಯ ಕಾವನ್ನು ಅದರೊಳಗೆ ಸುತ್ತಿಸಿ ಹೊಗೆಯನ್ನು ಹೊರಕ್ಕೆ ಕಳಿಸುವ ತಗಡಿನ ಪೈಪುಗಳನ್ನು ನಾನು ಮಾಡಿಕೊಡುತ್ತೇನೆ. ಆ ಪೈಪಿನ ಮೇಲೆ ಯಾವ ಭಾರವೂ ಬೀಳುವುದಿಲ್ಲ. ಜೋಡಣೆಯ ಹತ್ತಿರ ಅಲ್ಲೊಂದು ಇಲ್ಲೊಂದು ಚುಕ್ಕೆ ವೆಲ್ಡಿಂಗ್ ಹಾಕಿ, ಕೈ ಹೋಗದ ಕಡೆ ಏನಾದರೂ ಮೆತ್ತಿ, ಮೇಲೆ ಬೆಳ್ಳಿ ಬಣ್ಣ ಹೊಡೆದರೆ ಆಯಿತು. ಹೊಗೆ ಸೋರದಿದ್ದರೆ ರೈತ ಖುಷಿಯಾಗಿ ಹೋಗುತ್ತಾನೆ. ನನ್ನ ಕೈ ಪಳಗಿದ್ದು ಇದರಲ್ಲಿ.

ಅಕ್ಕನಿಗೆ ಹುಣಸೂರಿನಲ್ಲಿ ಡ್ರೈವಿಂಗ್ ಸ್ಕೂಲಿದೆ. ಬೆಳಗಾಗೆದ್ದು ಟೀಚರಮ್ಮಂದಿರಿಗೆ, ನರ್ಸುಗಳಿಗೆ, ಹೊಸದಾಗಿ ಕಾರು ಕೊಂಡ ರೈತರಿಗೆ ಕ್ಲಚ್ಚು ಬಿಡುವುದು, ರಿವರ್ಸ್ ತೆಗೆಯುವುದು ಹೇಳಿಕೊಡುತ್ತಾಳೆ. ವರ್ಷಗಟ್ಟಲೆ ಎರಡನೇ ಗೇರಿನಲ್ಲೇ ಬದುಕಿದವಳು. ಪಿರಿಯಾಪಟ್ಟಣದ ಆಚೆ, ಕೊಡಗಿನ ಅಂಚಿನಲ್ಲಿ ಕಾಫಿ ತೋಟದವರೊಬ್ಬರ ಶೆಡ್ಡಿನಲ್ಲಿ ಹಳೇ ರೇಸ್ ಕಾರೊಂದು ಟಾರ್ಪಾಲಿನಡಿ ಕೊಳೆಯುತ್ತಿದೆ ಎಂದು ಅವಳ ಹತ್ತಿರ ಕಲಿಯಲು ಬಂದ ಒಬ್ಬರು ಹೇಳಿದರು. ಮರುವಾರವೇ ಹೋಗಿ ನೋಡಿದಳು. ಶೆಡ್ಡು ಖಾಲಿಯಾದರೆ ಸಾಕು ಎನ್ನುವಂತೆ ತೋಟದವರು ಕೊಟ್ಟುಬಿಟ್ಟರು. ಹಿಂದಿನ ಸೀಟಿನ ಜಾಗದಲ್ಲಿ ಕೋಳಿಯ ಗೂಡಿತ್ತು. ಅದನ್ನು ಎಳೆದುಕೊಂಡು ಬಂದು ನನ್ನ ಅಂಗಡಿಯ ಹಿಂದೆ ನಿಲ್ಲಿಸಿದಳು. ನನ್ನನ್ನು ಕೇಳಲೂ ಇಲ್ಲ.

ಕೊಯಮತ್ತೂರಿನ ಹತ್ತಿರ ಕಾರು ರೇಸಿನ ಟ್ರ್ಯಾಕ್ ಇದೆ. ರೇಸಿಲ್ಲದ ಕೆಲವು ದಿನ ಯಾರು ಬೇಕಾದರೂ ತಮ್ಮ ಕಾರು ತಂದು ಓಡಿಸಬಹುದು. ಅದಕ್ಕೆ ಟ್ರ್ಯಾಕ್ ಡೇ ಅನ್ನುತ್ತಾರಂತೆ. ಅಲ್ಲಿ ಒಂದು ದಿನ, ಎದುರಿಗೆ ಎಮ್ಮೆಯಿಲ್ಲದ, ಬಸ್ಸಿಲ್ಲದ ರಸ್ತೆಯಲ್ಲಿ ಕಾಲು ಪೂರ್ತಿ ಒತ್ತಿ ಓಡಿಸಬೇಕು. ಅವಳ ಆಸೆ ಇಷ್ಟೇ.

ಆ ಕಾರು ನಮ್ಮ ಜೀವ ತಿಂದಿತು. ಒಂದು ಬೋಲ್ಟು ಬಿಚ್ಚಲು ಹೋದರೆ ಅದು ಮುರಿದು ಅರ್ಧ ಒಳಗೇ ಉಳಿಯುತ್ತಿತ್ತು. ಅದನ್ನು ಕೊರೆದು ತೆಗೆಯುವಷ್ಟರಲ್ಲಿ ಪಕ್ಕದ್ದು ಮುರಿಯುತ್ತಿತ್ತು. ಬ್ರೇಕಿನ ಡಿಸ್ಕು ದೊಡ್ಡದು ಹಾಕೋಣ ಎಂದು ತರಿಸಿದರೆ ಬೇರೆ ಮಾಡೆಲಿನದು ಬಂತು. ವಾಪಸ್ ಕಳಿಸಿದರೆ ಮತ್ತೆ ಅದೇ ಬಂತು. ವೈರುಗಳನ್ನೆಲ್ಲ ಇಲಿ ತಿಂದಿತ್ತು. ಎಂಜಿನ್ ಬಿಚ್ಚಲು ಕೆ.ಆರ್. ನಗರದಿಂದ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆವು. ಟ್ರ್ಯಾಕ್ಟರ್ ಕೆಲಸದವರು. ಬಾನೆಟ್ ಎತ್ತಿ ನೋಡಿ, “ಇದು ಕಾರಲ್ಲ ಕಣವ್ವ, ಇಲಿ ಬಿಲ. ಇಲಿ ಬುಟ್ಟೋದ ಜಾಗಕ್ಕೆ ಎಂಜಿನ್ ಮಡಗವ್ರೆ” ಅಂದರು.

“ನಿಮ್ ಟ್ರ್ಯಾಕ್ಟರ್‌ಗಿಂತ ವಾಸಿ ಬುಡಣ್ಣ. ಇಲಿಯಾದ್ರೂ ಓಡ್ತದೆ” ಅಂದಳು ಅಕ್ಕ.

ಅವರು ಎಂಜಿನ್ ಕಟ್ಟಿದರು. ಓಡಿತು, ಎಣ್ಣೆ ಸೋರಿತು. ಬಿಚ್ಚಿದರು, ಕಟ್ಟಿದರು, ಮತ್ತೆ ಸೋರಿತು. ಅಕ್ಕ ಕ್ಲಾಸು ಮುಗಿಸಿ ಸಂಜೆ ಬಸ್ಸಿಳಿದು ಬಂದು, ಚೂಡಿದಾರದ ಮೇಲೆ ನನ್ನ ಹಳೇ ಶರ್ಟು ಹಾಕಿಕೊಂಡು ಕಾರಿನಡಿ ನುಸುಳುತ್ತಿದ್ದಳು. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಅದನ್ನು ನೋಡಿ ನನಗೆ ಎರಡರಷ್ಟು ಬರುತ್ತಿತ್ತು. ಕಾರಿನ ನೆಲದ ತಗಡು ತುಕ್ಕು ಹಿಡಿದು ಸಂಡಿಗೆಯಂತೆ ಪುಡಿಯಾಗುತ್ತಿತ್ತು. ಅಷ್ಟನ್ನೂ ಕತ್ತರಿಸಿ ಹೊಸ ತಗಡು ಕೂರಿಸಿದೆ. ಆ ಕೆಲಸ ಮಾತ್ರ ಚೆನ್ನಾಗಿ ಮಾಡಿದೆ.

ಉಳಿದದ್ದು ರೋಲ್ ಕೇಜ್. ಕಾರು ಮಗುಚಿಕೊಂಡರೆ ಛಾವಣಿ ಕುಸಿದು ಓಡಿಸುವವರ ತಲೆಗೆ ಬೀಳದಂತೆ ಒಳಗೆ ಕಟ್ಟುವ ಪೈಪಿನ ಪಂಜರ ಅದು. ಅದಿಲ್ಲದ ರೇಸ್ ಕಾರನ್ನು ಟ್ರ್ಯಾಕಿನವರು ಬಿಡುವುದಿಲ್ಲ. ಒಳ್ಳೇ ಪೈಪನ್ನು ಅಕ್ಕನೇ ಮೈಸೂರಿನಲ್ಲಿ ಹುಡುಕಿ ಬಗ್ಗಿಸಿಕೊಂಡು ತಂದಳು. ನಾನು ಜೋಡಿಸಿ ಬೆಸೆಯಬೇಕು. ತೊಂದರೆ ಬಂದದ್ದು ಮೇಲೆ. ಪೈಪುಗಳು ಛಾವಣಿಗೆ ತಾಗಿಕೊಂಡೇ ಹೋಗುತ್ತವೆ. ಜೋಡಣೆಯ ಕೆಳಗೆ, ಪಕ್ಕದಲ್ಲಿ ವೆಲ್ಡಿಂಗ್ ಮಾಡಬಹುದು, ಮೇಲ್ಬದಿಗೆ ರಾಡು ಹೋಗುವುದಿಲ್ಲ. ಅದಕ್ಕೊಂದು ದಾರಿಯಿದೆ. ನೆಲಕ್ಕೆ ತೂತು ಕೊರೆದು ಇಡೀ ಪಂಜರವನ್ನು ಒಂದು ಗೇಣು ಕೆಳಗಿಳಿಸಿ, ಮೇಲ್ಬದಿ ಬೆಸೆದು, ಮತ್ತೆ ಎತ್ತಿ ಕೂರಿಸಿ ತೂತು ಮುಚ್ಚಬೇಕು. ಅಕ್ಕ ಫೋನಿನಲ್ಲಿ ವೀಡಿಯೋ ತೋರಿಸಿ ಬಿಡಿಸಿ ಹೇಳಿದ್ದಳು.

ನಾನು ಆಗ ತಾನೇ ಕೂರಿಸಿದ ನೆಲ ಅದು. ಅದನ್ನು ನಾನೇ ಕೊರೆಯಬೇಕು. ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲ ಬೇರೆ, ಅಂಗಡಿ ಮುಂದೆ ಟ್ರ್ಯಾಕ್ಟರುಗಳು ನಿಂತಿದ್ದವು. ಸೊಪ್ಪು ಮುರಿಯಲು ಬಂದಿದೆ, ಪೈಪು ಕೊಡು ಎಂದು ರೈತರು ಬೈಯುತ್ತಿದ್ದರು. ಅಕ್ಕನ ಕಾರಿನ ಮೇಲಿನ ಸಿಟ್ಟು, ರೈತರ ಮೇಲಿನ ಸಿಟ್ಟು ಎಲ್ಲ ಸೇರಿ, ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಮೇಲ್ಬದಿಯ ಸಂದಿಗೆ ಹಿಟ್ಟಿನಂಥ ಪುಟ್ಟಿ ಮೆತ್ತಿ, ಬೆರಳಲ್ಲಿ ನುಣುಪು ಮಾಡಿ, ಬಣ್ಣ ಹೊಡೆದೆ.

ಇದು ಗಡಿಬಿಡಿಯ ಮಾತಾಯಿತು. ಅದರ ಹಿಂದೆ ಇನ್ನೊಂದಿತ್ತು. ಅಕ್ಕ ಜೋರಾಗಿ ಓಡಿಸುತ್ತಾಳೆ ಎಂದು ನಾನು ನಂಬಿರಲೇ ಇಲ್ಲ. ಟ್ರ್ಯಾಕಿನಲ್ಲಿ ಒಂದೆರಡು ಸುತ್ತು ಹಾಕಿ, ಫೋಟೋ ತೆಗೆಸಿಕೊಂಡು ಬರುತ್ತಾಳೆ, ಅಷ್ಟಕ್ಕೆ ಈ ಪಂಜರ ಸಾಕು ಎಂದುಕೊಂಡಿದ್ದೆ. ಅಕ್ಕನ ಜಾಗದಲ್ಲಿ ಅಣ್ಣನೊಬ್ಬ ಈ ಕಾರು ತಂದಿದ್ದರೆ ನೆಲ ಕೊರೆಯುತ್ತಿದ್ದೆನೇನೋ.

ಸಂಜೆ ಅಕ್ಕ ಬಂದಳು. ಪಂಜರ ನೋಡಿ ಮುಖ ಅರಳಿತು.

“ಮೇಲ್ಗಡೇನೂ ಸುತ್ತ ಹಾಕಿದ್ದೀಯ ಅಲ್ವೇನ್ಲಾ?”

“ಹೂಂ ಕಣಕ್ಕ. ಬಣ್ಣ ಇನ್ನೂ ಹಸೀದು, ಮುಟ್ಬೇಡ.”

ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆ ತೆಗೆದುಕೊಂಡಳು.

ಕೊಯಮತ್ತೂರಿಗೆ ಗೂಡ್ಸ್ ಗಾಡಿಯಲ್ಲಿ ಕಾರು ಹೇರಿಕೊಂಡು ಹೋದೆವು. ಟ್ರ್ಯಾಕಿನಲ್ಲಿ ಕಾರು ಪರೀಕ್ಷಿಸುವವರು ನಡುವಯಸ್ಸಿನ ಒಬ್ಬರು. ಬೆಲ್ಟು ಎಳೆದು ನೋಡಿದರು, ಬ್ರೇಕು ನೋಡಿ ಸರಿಯಿದೆ ಎಂದು ತಲೆಯಾಡಿಸಿದರು. ಆಮೇಲೆ ಕೋಲಿಗೆ ಕಟ್ಟಿದ ಸಣ್ಣ ಕನ್ನಡಿಯನ್ನು ಛಾವಣಿಯ ಸಂದಿಗೆ ಹಿಡಿದರು. ಸ್ಕ್ರೂಡ್ರೈವರ್ ತುದಿಯಿಂದ ಕೆರೆದಾಗ ಬೂದಿ ಬಣ್ಣದ ಪುಡಿ ಸೀಟಿನ ಮೇಲೆ ಉದುರಿತು. ಬಿಡುವುದಿಲ್ಲ ಅಂದರು. ಅಕ್ಕ ತನಗೆ ಬರುವ ಅರ್ಧಂಬರ್ಧ ತಮಿಳಿನಲ್ಲಿ ವಾದಿಸಿದಳು. ಪುಟ್ಟಿ ಅಂದಕ್ಕೆ ಹಚ್ಚಿದ್ದು, ಅದರ ಕೆಳಗೆ ವೆಲ್ಡಿಂಗ್ ಇದೆ, ಮಾಡಿದವನು ನನ್ನ ತಮ್ಮ, ಅವನು ಹಾಗೆಲ್ಲ ಮಾಡುವವನಲ್ಲ ಅಂದಳು. ಹೆಂಗಸಿನ ಕಾರು ಎಂದಲ್ಲವೇ ಇಷ್ಟು ಕೆದಕುವುದು ಎಂದೂ ಕೇಳಿದಳು. ಅವರು ದನಿ ಎತ್ತಲಿಲ್ಲ. ಪುಟ್ಟಿ ಪೂರ್ತಿ ತೆಗೆದು ನೀವೇ ತೋರಿಸಿ, ಇಲ್ಲವಾದರೆ ಮಾಡಿದವರೇ ಹೇಳಲಿ ಎಂದು ನನ್ನ ಕಡೆ ನೋಡಿದರು.

“ಹೇಳ್ಲಾ ನೀನು” ಅಂದಳು ಅಕ್ಕ.

ಹಿಂದೆ ಬೇರೆ ಕಾರುಗಳು ಸಾಲಾಗಿ ನಿಂತಿದ್ದವು. ನಾನು, “ನಡಿ ಅಕ್ಕ, ಇವ್ರ ಜೊತೆ ಏನ್ ಮಾತು” ಅಂದೆ.

ಘಾಟಿ ಹತ್ತಿ ಬರುವಾಗ ದಾರಿಯುದ್ದಕ್ಕೂ ಅವಳು ಆ ಮನುಷ್ಯನನ್ನು ಬೈದಳು. ನಾನು ಸೇರಿಕೊಂಡು ಬೈದೆ. ಹುಣಸೂರಿನಲ್ಲಿ ಕಾರು ಕಲಿಯಲು ಬಂದವರಿಗೆಲ್ಲ ಆ ಕಥೆ ಹೇಳಿದಳು. ಹೇಳಿದಷ್ಟೂ ನನ್ನ ವೆಲ್ಡಿಂಗ್ ಗಟ್ಟಿಯಾಗುತ್ತಾ ಹೋಯಿತು. ಆ ಪುಟ್ಟಿಯನ್ನು ಅವಳು ಒಮ್ಮೆಯೂ ಕೆರೆದು ನೋಡಲಿಲ್ಲ.

ನಾನು ಒಂಟಿಯಾಗಿದ್ದಾಗ ನೆಲ ಕೊರೆದು ಸರಿ ಮಾಡಿಬಿಡೋಣ ಎಂದು ಡ್ರಿಲ್ ಹಿಡಿದು ಕಾರಿನ ಹತ್ತಿರ ಹೋದದ್ದುಂಟು. ಯಾಕೆ ಕೊರೆದೆ ಎಂದು ಕೇಳಿದರೆ ಏನು ಹೇಳಲಿ? ವಾಪಸ್ ಬಂದು ಬ್ಯಾರನ್ ಪೈಪಿಗೆ ಕೂರುತ್ತಿದ್ದೆ. ನನ್ನ ಮೇಲೆ ನನಗೇ ಬರುತ್ತಿದ್ದ ಸಿಟ್ಟನ್ನು ಬಂದ ರೈತರ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ಕೊಯ್ಲು ಮುಗಿದ ಮೇಲೆ ಎಚ್.ಡಿ. ಕೋಟೆಯ ಹಂಪಾಪುರದ ಕಡೆ ಖಾಲಿ ಹೊಲದಲ್ಲಿ ಮಣ್ಣಿನ ರೇಸು ಇಡುತ್ತಾರೆಂದು ಸುದ್ದಿ ಬಂತು. ಅಲ್ಲಿ ಪರೀಕ್ಷೆ ಇಲ್ಲ, ಕನ್ನಡಿಯೂ ಇಲ್ಲ. ಅಕ್ಕ ಹೆಸರು ಕೊಟ್ಟಳು. ರೇಸಿನ ಹಿಂದಿನ ಭಾನುವಾರ, ಬೆಳಿಗ್ಗೆ, ಮಿರ್ಲೆಯ ಆಚೆ ಒಬ್ಬರ ಬೀಳು ಹೊಲದಲ್ಲಿ ಓಡಿಸಿ ನೋಡೋಣ ಬಾ ಎಂದು ನನ್ನನ್ನು ಪಕ್ಕದ ಸೀಟಿಗೆ ಕೂರಿಸಿ ಬೆಲ್ಟು ಬಿಗಿದಳು.

ಮೊದಲ ಸುತ್ತು ನಿಧಾನ. ಎರಡನೆಯದರಲ್ಲಿ ನನ್ನ ಬೆನ್ನು ಸೀಟಿಗೆ ಅಂಟಿಕೊಂಡಿತು. ತಿರುವಿನಲ್ಲಿ ಅವಳು ಕಾರಿನ ಹಿಂಭಾಗವನ್ನು ಬೇಕೆಂದೇ ಜಾರಿಸಿ, ಹಿಡಿದು, ಮತ್ತೆ ಕಾಲು ಒತ್ತಿದಳು. ಯಾರು ಕಲಿಸಿದರೋ ನನಗೆ ಗೊತ್ತಿಲ್ಲ. ಇಷ್ಟು ವರ್ಷ ಬೇರೆಯವರಿಗೆ ನಿಧಾನ, ನಿಧಾನ ಎನ್ನುತ್ತಿದ್ದವಳ ಕಾಲಿನಲ್ಲಿ ಇದೆಲ್ಲ ಇತ್ತು. ಆ ಕಡೆಯ ಬದುವಿಗೆ ಚಕ್ರ ತಾಗಿ ಕಾರು ಒಂದು ಪಕ್ಕಕ್ಕೆ ಎದ್ದಿತು. ಎರಡು ಚಕ್ರದ ಮೇಲೆ ಒಂದು ಕ್ಷಣ. ನಾನು ನೆಲ ನೋಡಲಿಲ್ಲ, ಅವಳ ತಲೆಯ ಮೇಲಿದ್ದ ಜೋಡಣೆಯನ್ನೇ ನೋಡಿದೆ. ಕಾರು ದೊಪ್ಪನೆ ಕೆಳಗೆ ಕೂತಿತು. ಅಕ್ಕ ನಗುತ್ತಿದ್ದಳು.

“ನಿಲ್ಸಕ್ಕ” ಅಂದೆ.

“ಹೆದ್ರುಕೊಂಡ್ಯೇನ್ಲಾ? ಮೇಲೆ ಪಂಜ್ರ ಅದೆ ಕಣೋ, ನೀನೇ ಕಟ್ಟಿರದು.”

“ಅದ್ರ ಮೇಲ್ಗಡೆ ವೆಲ್ಡಿಂಗ್ ಇಲ್ಲ ಅಕ್ಕ. ಬರೀ ಪುಟ್ಟಿ.”

ಅವಳು ಎಂಜಿನ್ ಆಫ್ ಮಾಡಿದಳು. ಹೆಲ್ಮೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕೈ ಎತ್ತಿ ಛಾವಣಿಯ ಸಂದಿಗೆ ಬೆರಳು ತೂರಿಸಿ ಉಗುರಿನಿಂದ ಕೆರೆದಳು. ಹಾಗೇ ಪಂಜರದ ಸುತ್ತ ಒಂದೊಂದೇ ಜೋಡಣೆ ಮುಟ್ಟಿ ನೋಡಿದಳು. ಎಲ್ಲ ಕಡೆ ಪುಡಿ ಬಂತು.

ಬ್ಯಾರನ್ ಕಾಲ ಇತ್ತು, ರೈತರು ಬಾಗಿಲಲ್ಲಿ ನಿಂತಿದ್ದರು, ನೆಲ ಹೊಸದಾಗಿ ಹಾಕಿದ್ದೆ ಎಂದು ನಾನು ಶುರು ಮಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

“ಬ್ಯಾರನ್ ವಿಚಾರ ನಾನ್ ಕೇಳ್ನಿಲ್ಲ. ಅಲ್ಲಿ ಆ ಮನ್ಸ ನಿನ್ ಮುಖ ನೋಡ್ಕಂಡು ಕೇಳ್ದಾಗ ಯಾಕ್ ಬಾಯ್ ಬುಡ್ನಿಲ್ಲ? ಸರಿಯಾಗಿ ಹೇಳ್ದೋರ್ನೇ ಬೈಕಂಡು ತಿರುಗ್ದೆ ನಾನು, ಇಷ್ಟ್ ದಿನ.”

ಬೆಲ್ಟು ಬಿಚ್ಚಲು ಹೋಗಿ, ಅರ್ಧಕ್ಕೆ ಕೈಬಿಟ್ಟೆ. ಕಟ್ಟಿಹಾಕಿಸಿಕೊಂಡು ಕೂತ ಹಾಗೆಯೇ ಅವಳ ಕಡೆ ತಿರುಗಿ ಹೇಳಿದೆ:

“ತಪ್ಪಾಯ್ತು ಅಕ್ಕ. ನೀನು ಇಂಗೆ ಓಡುಸ್ತೀಯ ಅಂತ ನಾನು ನಂಬ್ನಿಲ್ಲ, ಅದ್ಕೇ ಅರ್ಧ ಕೆಲ್ಸ ಮಾಡ್ದೆ. ಆಮೇಲೆ ನಿನ್ನ ಸುಳ್ಳಿ ಮಾಡಿ ಪಕ್ಕದಲ್ಲಿ ನಿಂತ್ಕಂಡೆ. ನನ್ನ ಕ್ಷಮ್ಸು.”