ಬೀನ್ಸ್ ಬೇಯುವ ವಾಸನೆ

ನನ್ನ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಡಬ್ಬಿಯಲ್ಲಿ ಬರುವ ಬೇಕ್ಡ್ ಬೀನ್ಸ್ ಕಂಡರೆ ಆಗುತ್ತಿರಲಿಲ್ಲ. ತಮಾಷೆಯೆಂದರೆ ಅವರಿದ್ದದ್ದೇ ಬೀನ್ಸ್ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ, ಅದೂ ರುಚಿ ನೋಡುವ ಮೇಜಿನಲ್ಲಿ. ಪ್ರತಿ ಹಂಡೆಯಿಂದ ಒಂದು ಚಮಚ ಬಾಯಿಗಿಟ್ಟು, ಉಗಿದು, ಕಳಿಸಿ ಅಥವಾ ಬೇಡ ಅನ್ನುವುದು ಅವರ ಕೆಲಸ. ವಾರವೆಲ್ಲ ಆ ಕೆಂಪು ಟೊಮೆಟೊ ರಸ ಬಾಯಲ್ಲಾಡಿಸಿದ ಮನುಷ್ಯ ಭಾನುವಾರ ಮನೆಯಲ್ಲಿ ಅದೇ ಬೀನ್ಸನ್ನು ಮೊದಲಿನಿಂದ ಮಾಡಲು ಕೂರುತ್ತಿದ್ದರು.

"ನಿಮಗೇನು ಹುಚ್ಚಾ ಭಾವ?" ಎಂದು ನಾನು ಕೇಳಿದರೆ, "ಅದು ಕೆಲಸ, ಇದು ಅಡುಗೆ. ವ್ಯತ್ಯಾಸ ತಿಳಿಯೋಕೆ ನಾಲಿಗೆ ಬೇಕು. ನಿನಗೆ ಬರೀ ಬಾಯಿ ಇದೆ, ಬಾಯಿಬಡುಕಿ" ಎನ್ನುತ್ತಿದ್ದರು. ನಾನು ಮದುವೆ ಗಿದುವೆ ಬೇಡವೆಂದು ಅಕ್ಕನ ಮನೆಯಲ್ಲೇ ಉಳಿದವಳು. ಅವರ ಬೈಗುಳ ತಿಂದೇ ಮೈ ಬೆಳೆಸಿದ್ದೇನೆ.

ಶನಿವಾರ ಸಂಜೆಯೇ ಬೀನ್ಸಿನ ಒಣಗಿದ ಬಿಳಿ ಕಾಳನ್ನು ತಟ್ಟೆಗೆ ಸುರಿದು, ಕಲ್ಲು ಮುರುಕು ಆರಿಸಿ, ನೆನೆ ಹಾಕುವರು. ಬೆಳಿಗ್ಗೆ ಕಾಳು ಉಬ್ಬಿ ಪಾತ್ರೆ ತುಂಬಿದ್ದು ನೋಡಿ, ತಾವೇ ಹೆತ್ತವರ ಹಾಗೆ ಹಿಗ್ಗುವರು. ಕುದಿಯುವಾಗ ಚಮಚದಲ್ಲಿ ನಾಲ್ಕು ಕಾಳು ತೆಗೆದು ಊದುವರು. ಸಿಪ್ಪೆ ಸುರುಳಿ ಸುತ್ತಿಕೊಂಡರೆ ಬೆಂದಿತು ಎಂದರ್ಥ. ಆಮೇಲೆಯೇ ಟೊಮೆಟೊ. ಅದಕ್ಕೆ ಮೊದಲೇ ಹುಳಿ ಬಿತ್ತೋ, ಕಾಳು ಮುನಿಸಿಕೊಂಡು ಕಲ್ಲಾಗಿಬಿಡುತ್ತದೆ. ಬೆಲ್ಲ, ಸಾಸಿವೆ ಪುಡಿ, ದಪ್ಪಗೆ ಹೆಚ್ಚಿದ ಈರುಳ್ಳಿ ಸೇರಿಸಿ ಮಣ್ಣಿನ ಗಡಿಗೆಗೆ ತುಂಬಿ, ಮುಚ್ಚಳ ಹಾಕಿ, ಹಳೆಯ ಗ್ಯಾಸ್ ಓವನ್ನಿನಲ್ಲಿ ಸಣ್ಣ ಉರಿಯಲ್ಲಿ ಇಟ್ಟರೆ ಸಂಜೆಯವರೆಗೂ ಬೇಯಬೇಕು. ನಡುವೆ ಮುಚ್ಚಳ ತೆಗೆದು ನೋಡುವ ಗೋಜೇ ಇಲ್ಲ. ಹೊರಗಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದವರು ಮೂಗೆತ್ತಿ, "ನೀರು ಕಮ್ಮಿಯಾಯ್ತು" ಎಂದು ಎದ್ದು ಹೋಗುವರು. ಹೋಗಿ ನೋಡಿದರೆ ನಿಜವಾಗಿಯೂ ಕಮ್ಮಿಯಾಗಿರುತ್ತಿತ್ತು. ಅಷ್ಟು ಸುಖವಾಗಿದ್ದ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಯಾರ ಕಣ್ಣು ಬಿತ್ತೋ, ಒಂದು ಕೆಟ್ಟ ಜ್ವರ ಬಂದು ಹೋಯಿತು. ಹೋಗುವಾಗ ಭಾವನ ವಾಸನೆಯನ್ನೂ ರುಚಿಯನ್ನೂ ಕಟ್ಟಿಕೊಂಡು ಹೋಯಿತು. ಕಾಫಿಯೂ ಬಿಸಿನೀರೇ, ಈರುಳ್ಳಿಯೂ ಕಾಗದವೇ. ಕಾರ್ಖಾನೆಯವರು ಅವರನ್ನು ಡಬ್ಬಿಗೆ ಚೀಟಿ ಅಂಟಿಸುವಲ್ಲಿ ಕೂರಿಸಿದರು. ರುಚಿಯ ಮೇಜಿಗೆ ತಾತ್ಕಾಲಿಕವಾಗಿ ಇನ್ನೊಬ್ಬಳು ಬಂದಳು. ಡಾಕ್ಟರು, "ಮರಳಿ ಬಂದರೂ ಬರಬಹುದು. ಚೆನ್ನಾಗಿ ಪರಿಚಯ ಇರೋ ವಾಸನೆಯನ್ನ ದಿನಾ ಮೂಸ್ತಾ ಇರಿ" ಎಂದರು. ಬರದೇ ಹೋದರೆ ಏನು ಮಾಡಬೇಕೆಂದು ಅವರೂ ಹೇಳಲಿಲ್ಲ, ಕೇಳುವ ಧೈರ್ಯ ನಮಗೂ ಇರಲಿಲ್ಲ.

ಪರಿಚಯದ ವಾಸನೆ ಅಂದರೆ ಮತ್ತೇನು? ಭಾನುವಾರದ ಗಡಿಗೆಯೇ ಮದ್ದಾಯಿತು. ವಾಸನೆ ಹೊರಗೆ ಹೋಗಿ ಹಾಳಾಗಬಾರದೆಂದು ಅಕ್ಕ ಅಡುಗೆಮನೆಯ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಳೇ ಟವೆಲ್ ತುರುಕುವಳು. ಒಳಗೆ ಭಾವ ಓವನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರುವರು. ಹೊರಗೆ ನಾವಿಬ್ಬರೂ ಉಸಿರು ಬಿಗಿಹಿಡಿದು ಕಾಯುವೆವು. ಹೊರಬಂದಾಗ ಅವರ ಮುಖ ನೋಡಿದರೇ ಸಾಕು, ಕೇಳುವ ಅಗತ್ಯ ಬೀಳುತ್ತಿರಲಿಲ್ಲ. ಅಕ್ಕ ಬಡಿಸುವಳು, ಅವರು ಉಣ್ಣುವರು, ಸುಮ್ಮನೆ ಅಗಿಯುವರು. ಒಮ್ಮೆ ಚಮಚ ಕೆಳಗಿಟ್ಟು, "ನನ್ನ ಕೈ ನೆನಪಿಟ್ಕೊಂಡಿದೆ, ಬಾಯಿ ಮರೆತುಬಿಟ್ಟಿದೆ" ಎಂದರು. ಬಾಯಿಬಡುಕಿ ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.

ಆಮೇಲೆ ಸೂಪರ್‌ವೈಸರ್ ಹೇಳಿಕಳಿಸಿದ: ಸೋಮವಾರ ಬಂದು ಮೇಜಿನಲ್ಲಿ ಕೂತು ರುಚಿ ಹೇಳಲಿ, ಆಗದಿದ್ದರೆ ಆ ಜಾಗ ಹೊಸಬಳಿಗೆ ಖಾಯಂ. ಭಾವ ಕೇಳಿ ತಲೆಯಾಡಿಸಿದರು, ಅಷ್ಟೇ. ಅಕ್ಕ ಮಾತ್ರ ಕಂಡಕಂಡ ದೇವರಿಗೆಲ್ಲ ಕೈಮುಗಿದಳು.

ಆ ಭಾನುವಾರ ಭಾವ ಎಂದೂ ಮಾಡದ ಕೆಲಸ ಮಾಡಿದರು. ವಾಸನೆ ಗಾಢವಾಗಲಿ ಎಂದು ಬೆಲ್ಲ, ಈರುಳ್ಳಿ, ಟೊಮೆಟೊ ಎಲ್ಲವನ್ನೂ ಎರಡರಷ್ಟು ಹಾಕಿ ಗಡಿಗೆಯನ್ನು ಕಂಠಮಟ್ಟ ತುಂಬಿದರು. "ಉಕ್ಕುತ್ತೆ ಭಾವ" ಎಂದೆ. "ಉಕ್ಕಿದ್ರೆ ಒರೆಸಿಕೊಳ್ಳೋಣ. ನೀನು ಹೋಗಿ ಬ್ರೆಡ್ ತಗೊಂಡು ಬಾ. ನಿಮ್ಮಕ್ಕನನ್ನೂ ಕರ್ಕೊಂಡು ಹೋಗು, ಬಾಗಿಲ ಹತ್ರ ನಿಂತ್ಕೊಂಡು ನಿಟ್ಟುಸಿರು ಬಿಡ್ತಾಳೆ" ಎಂದು ಗದರಿದರು. ಅಕ್ಕ ಎಂದಿನಂತೆ ಟವೆಲ್ ತುರುಕಿಯೇ ಹೊರಟಳು.

ಬೇಕರಿಯಲ್ಲಿ ಜನವೋ ಜನ. ಬ್ರೆಡ್ ಹಿಡಿದು ಮರಳಿ ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಅಕ್ಕ ಗಕ್ಕನೆ ನಿಂತಳು. ನನ್ನ ಮೂಗಿಗೂ ಅದು ಬಡಿಯಿತು. ಗ್ಯಾಸ್. ಮೆಟ್ಟಿಲಿಗೇ ಅಷ್ಟು ಬಡಿಯುತ್ತಿದ್ದರೆ ಒಳಗೆ ಹೇಗಿರಬೇಡ. ಓಡಿಹೋಗಿ ಮನೆಯ ಬಾಗಿಲು ದೂಡಿದೆ, ಟವೆಲ್ ಕಿತ್ತೆಸೆದು ಅಡುಗೆಮನೆಗೆ ನುಗ್ಗಿದೆ. ರಸ ಉಕ್ಕಿ ಕೆಳಗಿನ ಉರಿಯ ಮೇಲೆ ಸುರಿದು ಉರಿ ಆರಿಹೋಗಿತ್ತು. ಗ್ಯಾಸ್ ಮಾತ್ರ ಬುಸ್ಸೆಂದು ಬರುತ್ತಲೇ ಇತ್ತು. ಭಾವ ಓವನ್ನಿನ ಮುಂದೆ ಕೂತಿದ್ದರು. ಮುಖ ಕೆಂಪೇರಿತ್ತು, ಕಣ್ಣಲ್ಲಿ ನೀರು.

"ಬಂತು ಕಣೇ" ಎಂದರು ಅಕ್ಕನಿಗೆ. "ಬೆಲ್ಲ, ಈರುಳ್ಳಿ, ಎಲ್ಲ ಬಂತು. ನಾಳೆ ಹೋಗ್ತೀನಿ."

ನಾನು ಗ್ಯಾಸ್ ತಿರುಗಿಸಿ ನಿಲ್ಲಿಸಿ, ಕಿಟಕಿಗಳನ್ನು ಹಾರು ಹೊಡೆದೆ. ಅಕ್ಕ ಅವರ ರಟ್ಟೆ ಹಿಡಿದು ಮೆಟ್ಟಿಲವರೆಗೆ ಎಳೆದುಕೊಂಡು ಹೋದಳು. ಅಲ್ಲಿ ಕೂರಿಸಿ, ಸೆರಗಿನಿಂದ ಅವರ ಮುಖ ಒರೆಸುತ್ತ, ಅಡುಗೆಮನೆ ತುಂಬ ಗ್ಯಾಸ್ ಇತ್ತೆಂದು, ಅದು ಅವರ ಮೂಗಿಗೆ ಬಿದ್ದೇ ಇಲ್ಲವೆಂದು ಹೇಳಿದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಭಾವ ನನ್ನ ಕಡೆ ತಿರುಗಿದರು.

"ನಿನಗೆ ಎಲ್ಲಿ ಗೊತ್ತಾಯ್ತು?"

"ಇಲ್ಲೇ, ಮೆಟ್ಟಿಲ ಮೇಲೆ."

"ಇಲ್ಲೇನಾ?" ಎಂದು ಅವರು ಆ ಮೆಟ್ಟಿಲನ್ನೇ ನೋಡಿದರು. ಗ್ಯಾಸ್ ಎಲ್ಲ ಹೊರಗೆ ಹೋದ ಮೇಲೆ ನಾನು ಒಳಗೆ ಹೋಗಿ ಮುಚ್ಚಳ ತೆಗೆದು ನೋಡಿದೆ. ಗಡಿಗೆ ಆರಿ ತಣ್ಣಗಾಗಿತ್ತು, ಬೀನ್ಸ್ ಅರ್ಧಂಬರ್ಧ ಬೆಂದಿತ್ತು. ಅದನ್ನು ಮತ್ತೆ ಒಲೆಗಿಡುವ ಮಾತು ಅಕ್ಕನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇನ್ನು ಅವರನ್ನು ಅಡುಗೆಮನೆಯಲ್ಲಿ ಒಬ್ಬರೇ ಬಿಡುವಂತಿಲ್ಲ ಎಂಬುದು ಮೂವರಿಗೂ ತಿಳಿದಿತ್ತು.

ಕೊನೆಗೆ ಭಾವ ಅಕ್ಕನ ಕೈ ಹಿಡಿದುಕೊಂಡರು.

"ನಿನ್ನ ಸಮಾಧಾನಕ್ಕೆ ಸುಳ್ಳು ಹೇಳಲಿಲ್ಲ ಕಣೇ" ಎಂದರು. "ಬೆಲ್ಲದ ವಾಸನೆ ನನಗೆ ಈಗಲೂ ಬರ್ತಾ ಇದೆ."