ನಾಲ್ಕನೇ ನಂಬರಿನ ಕೊನೆಯ ನಾಲ್ಕು ಸಾಲು

ಮಾರ್ಚ್ ಒಂಬತ್ತು, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಶಹಾಪುರ. ಬರೆಯಲು ಕುಳಿತ ಮೇಲೆ ಆಗಲೇ ಮೂರು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದಿದ್ದೇನೆ.

ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರಿನ ನಟ್ಟನಡುವೆ ಒಂದು ಗೀರಿತ್ತು. ಗಾಯದ ಗೀರಲ್ಲ. ಮೂವತ್ತು ವರ್ಷ ಅದೇ ಜಾಗದ ಮೇಲೆ ತಾಮ್ರದ ತಂತಿ ಹಾದು ಹಾದು ಬಿದ್ದ ಕಾಲುವೆ. ಉಗುರು ಬೆಳೆದಂತೆ ಗೀರೂ ಮೇಲಕ್ಕೆ ಸರಿಯುತ್ತಿತ್ತು, ಕೆಳಗೆ ಹೊಸದು ಮೂಡುತ್ತಿತ್ತು. ಕೆಲಸವಿಲ್ಲದಾಗ ತೋರುಬೆರಳಿನಿಂದ ಆ ಗೀರನ್ನು ಉಜ್ಜುತ್ತ ಕೂರುತ್ತಿದ್ದರು.

ಊರಲ್ಲಿ ಎಲ್ಲರಿಗೂ ಅವರು ವೈಂಡಿಂಗ್ ಕಾಕಾ. ಸುಟ್ಟ ಪಂಪ್‌ಸೆಟ್ ಮೋಟರಿನ ಹೊಟ್ಟೆ ಬಿಚ್ಚಿ, ಕರಕಲಾದ ತಂತಿ ಕಿತ್ತು ತೆಗೆದು, ಹೊಸ ತಂತಿ ಸುತ್ತಿ, ವಾರ್ನಿಷ್ ಕುಡಿಸಿ ಕೊಡುವುದು ಅವರ ಕೆಲಸ. ನಾನು ಅವರ ಅಂಗಡಿಗೆ ಮೊದಲ ಸಲ ಹೋದದ್ದು ನಿಂತುಹೋದ ಟೇಬಲ್ ಫ್ಯಾನನ್ನು ಕಂಕುಳಲ್ಲಿ ಹಿಡಿದುಕೊಂಡು. ಆಗ ನನಗೆ ಸುರಪುರದ ಒಂದು ಕಚೇರಿಯಲ್ಲಿ ಡೇಟಾ ಎಂಟ್ರಿ ಕೆಲಸ ಸಿಕ್ಕು ಹನ್ನೊಂದು ದಿನವಾಗಿತ್ತು. ಅಂಗಡಿಯೊಳಗೆ ಹಳೆಯ ಟೇಪ್ ರೆಕಾರ್ಡರಿನಲ್ಲಿ ಗಿಟಾರು, ಆರ್ಗನ್ನು, ಡ್ರಮ್ಮು ಒಂದನ್ನೊಂದು ಅಟ್ಟಿಸಿಕೊಂಡು ಓಡುತ್ತಿದ್ದವು. ಅಂಥ ಸಂಗೀತವನ್ನು ಕಲಬುರಗಿಯ ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳ ಫೋನಿನಲ್ಲಿ ಕೇಳಿದ್ದೆ. ಶಹಾಪುರದ ಮೋಟರ್ ಅಂಗಡಿಯಲ್ಲಿ ಕೇಳುತ್ತೇನೆಂದು ಎಣಿಸಿರಲಿಲ್ಲ.

"ಇದು ಯಾವ ಹಾಡ್ರಿ ಕಾಕಾ?" ಎಂದೆ.

ಅವರು ಕೈ ಎತ್ತಿ ತಡೆದರು. ತುಟಿ ಅಲ್ಲಾಡುತ್ತಿತ್ತು. ಸುತ್ತು ಎಣಿಸುತ್ತಿದ್ದರು. ತಂತಿ ಕತ್ತರಿಸಿದ ಮೇಲೆಯೇ ತಲೆ ಎತ್ತಿದರು.

"ಎಣಸಾಕತ್ತಾಗ ಮಾತಾಡಸ್ಬ್ಯಾಡವಾ. ಒಂದು ಸುತ್ತು ತಪ್ಪಿದ್ರ ರೈತನ ಬೋರಿನಾಗ ಹೊಗಿ ಬರತದ. ಏನ್ ಕೇಳಿದಿ? ಹಾಡಾ? ನಾಲ್ಕನೇ ನಂಬರ್, ಬಿ ಸೈಡು."

"ಹೆಸರಿಲ್ಲೇನ್ರಿ?"

"ನಂಬರ್ ಅದಲ್ಲ, ಹೆಸರ್ಯಾಕ ಬೇಕು?"

ಹರೆಯದಲ್ಲಿ ಸಿಕಂದರಾಬಾದಿನ ಒಂದು ವೈಂಡಿಂಗ್ ಕಾರ್ಖಾನೆಯಲ್ಲಿ ಅವರು ಕೆಲಸ ಕಲಿತಿದ್ದರು. ಪಕ್ಕದ ಕೋಣೆಯ ರೈಲ್ವೆ ಫಿಟ್ಟರ್ ದೇಶ ಬಿಟ್ಟು ಹೋಗುವಾಗ ಹದಿನಾಲ್ಕು ಕ್ಯಾಸೆಟ್ಟುಗಳ ಡಬ್ಬಿಯನ್ನು ಇವರ ಕೈಗಿಟ್ಟು ಹೋದನಂತೆ. ಯಾವುದರ ಮೇಲೂ ಹೆಸರಿಲ್ಲ, ಒಂದರಿಂದ ಹದಿನಾಲ್ಕರವರೆಗೆ ಅಂಕಿ ಮಾತ್ರ. ಈ ಬಗೆಯ ಸಂಗೀತಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆ ಎಂದು ನಾನು ಹೇಳಿದಾಗ, "ಅನ್ಲಿ ಬಿಡು," ಎಂದರು. ಹಾಡಿನ ಉದ್ದವನ್ನು ಅವರು ಹಾರ್ಸ್‌ಪವರಿನಲ್ಲಿ ಹೇಳುತ್ತಿದ್ದರು. ಮೂರು ನಿಮಿಷದ ಸಿನಿಮಾ ಹಾಡು ಅರ್ಧ ಎಚ್‌ಪಿ. ನಾಲ್ಕನೇ ನಂಬರು ಇಪ್ಪತ್ಮೂರು ನಿಮಿಷದ್ದು, ಅದು ಹದಿನೈದು ಎಚ್‌ಪಿ.

"ಏಳಕ್ಕ ತಿರಗತದ ನೋಡು," ಎಂದು ಮೋಟರಿನ ಕವಚದ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸುತ್ತಿದ್ದರು. "ಎಂಟಕ್ಕ ಬರತದಂತ ಕಾಯ್ತಿ. ಬರಂಗಿಲ್ಲ. ಮನಶ್ಯಾಗ ಕೂಡಾಕ ಬಿಡಂಗಿಲ್ಲ ಇದು." ನಾನೂ ಒಂದೆಡೆ ಕೂರಲಾಗದವಳು. ಅದಕ್ಕೇ ಇರಬೇಕು, ಆ ಏಳರ ತಾಳ ನನಗೂ ಹಿಡಿಯಿತು.

ಅಮಾವಾಸ್ಯೆಯ ದಿನ ಕಾಕಾ ಯಾವ ಮೋಟರಿಗೂ ತಂತಿ ಸುತ್ತುತ್ತಿರಲಿಲ್ಲ. ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡದ ದಿನ ಅದು, ಕಾಕಾ ತಮ್ಮ ಬೆರಳಿಗೂ ಅದೇ ಕಟ್ಟಳೆ ಮಾಡಿಕೊಂಡಿದ್ದರು. ಆ ದಿನ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆಯವರೆಗೆ ಬರೀ ಹಾಡು. ಕೇಳುವವರು ಮೂವರು: ಕಾಕಾ, ನಾನು, ಮತ್ತು ಉರ್ದು ಶಾಲೆಯಿಂದ ನಿವೃತ್ತರಾದ ಮಾಸ್ತರರು. ಮಾಸ್ತರರಿಗೆ ಈ ಸಂಗೀತ ಹಿಡಿಸುತ್ತಿರಲಿಲ್ಲ. ಜಗಳಕ್ಕಾಗಿ ಬರುತ್ತಿದ್ದರು. ಹತ್ತೊಂಬತ್ತು ಅಮಾವಾಸ್ಯೆ ಹಾಗೆ ನಡೆಯಿತು. ನಾನು ತಪ್ಪಿಸಿದ್ದು ಎರಡು ಸಲ, ಎರಡೂ ಸಲ ಜ್ವರ.

"ಹಾಡಂದ್ರ ಮಾತು," ಎನ್ನುತ್ತಿದ್ದರು ಮಾಸ್ತರರು. "ಶಬ್ದ ತಿಳೀಲಿಲ್ಲಂದ್ರ ನಿನ್ನ ಮೋಟರ್ ತಿರಗೋ ಸಪ್ಪಳಾ ಕೇಳಿದಂಗ. ಬೇಟಿ, ನೀನರ ಹೇಳು ಇವಗ."

"ಮೋಟರ್ ಸಪ್ಪಳಾ ಕೇಳೇ ನಾ ರೋಗ ಹಿಡೀತೀನ್ರಿ ಸಾಹೇಬ್ರ," ಎನ್ನುತ್ತಿದ್ದರು ಕಾಕಾ. "ಅದು ಬಾಯಿ ಬಿಟ್ಟು ಮಾತಾಡತದೇನು?"

ಈ ಜಗಳವನ್ನು ನಾನು ಅಂತರ್ಜಾಲದಲ್ಲಿ ಇಂಥ ಸಂಗೀತದವರ ಒಂದು ಗುಂಪಿಗೆ ಒಯ್ದೆ. ನಿಮಗೆ ಹಾಡಿನ ಮಾತು ಎಷ್ಟು ಮುಖ್ಯ ಎಂದು ಕೇಳಿದೆ. ಉತ್ತರ ಕೊಟ್ಟವರು ಇಪ್ಪತ್ತಾರು. ಹದಿನೈದು ಜನ, ಮಾತಿನ ಕಡೆ ಕಿವಿಯೇ ಕೊಡುವುದಿಲ್ಲ, ಕಂಠವೂ ಒಂದು ವಾದ್ಯ ಎಂದರು. ಎಂಟು ಜನ, ಮಾತಿಲ್ಲದಿದ್ದರೆ ಇಷ್ಟುದ್ದದ ಹಾಡಿನಲ್ಲಿ ದಾರಿ ತಪ್ಪುತ್ತೇವೆ ಎಂದರು. ಮೂವರು ಬೈದರು. ಮುಂದಿನ ಅಮಾವಾಸ್ಯೆಗೆ ಈ ಲೆಕ್ಕ ಓದಿ ಹೇಳಿದಾಗ ಕಾಕಾ ತೊಡೆ ತಟ್ಟಿದರು.

"ನೋಡ್ರಿ, ಹದಿನೈದು ಮಂದಿ ನನ್ನ ಕಡಿ ಅದಾರ!"

"ಅರ್ಥ ತಿಳೀಲಾರದೋರದು ಯಾವಾಗಿದ್ರೂ ಮೆಜಾರಿಟಿನೇ ಇರತದ," ಎಂದರು ಮಾಸ್ತರರು.

ಆದರೆ ಕಾಕಾ ಪೂರ್ತಿ ಆ ಹದಿನೈದರ ಕಡೆಯವರಲ್ಲ ಎಂದು ನನಗೆ ಗೊತ್ತಿತ್ತು. ನಾಲ್ಕನೇ ನಂಬರಿನ ಕೊನೆಗೆ ವಾದ್ಯಗಳೆಲ್ಲ ನಿಂತು, ವಯಸ್ಸಾದವನೊಬ್ಬ ಒಂಟಿಯಾಗಿ ನಾಲ್ಕು ಸಾಲು ಹಾಡುತ್ತಾನೆ. ಅಲ್ಲಿಗೆ ಬಂದಾಗ ಕಾಕಾ ತಾಳ ನಿಲ್ಲಿಸುತ್ತಿದ್ದರು, ಹೆಬ್ಬೆರಳು ಉಜ್ಜುವುದನ್ನೂ. ಒಮ್ಮೆ ಮಾಸ್ತರರು ಚಹಾಕ್ಕೆ ಹೋಗಿದ್ದಾಗ ನನಗೆ ಹೇಳಿದರು: "ಇಲ್ಲಿ ಅಪ್ಪ ಮಗನ್ನ ಕರ್ಯಾಕತ್ತಾನ. ಆಗಿದ್ದು ಆತು, ಮನಿಗಿ ಬಾ ಅಂತಾನ."

"ಇಂಗ್ಲಿಷ್ ನಿಮಗ ತಿಳೀತದೇನ್ರಿ ಕಾಕಾ?"

"ಇಲ್ಲವಾ. ದನಿ ತಿಳೀತದ."

ನನಗೂ ಸಾಲುಗಳು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಟೇಪು ಸವೆದಿತ್ತು. ಅದನ್ನು ಅಷ್ಟಕ್ಕೇ ಬಿಡಬೇಕಿತ್ತು. ಬಿಡುವುದು ನನ್ನ ಸ್ವಭಾವದಲ್ಲಿಲ್ಲ. ಪಟ್ಟಿಯಲ್ಲಿ ಒಂದು ಮನೆ ಖಾಲಿ ಉಳಿದರೆ ನನಗೆ ಊಟ ಸೇರುವುದಿಲ್ಲ. ಹಾಡು ಗುರುತಿಸುವ ಆ್ಯಪಿಗೆ ಆರು ಸಲ ಕೇಳಿಸಿದೆ, ಆರೂ ಸಲ ಗೊತ್ತಿಲ್ಲ ಎಂದಿತು. ಕೊನೆಗೆ ಅರ್ಧ ನಿಮಿಷದ ತುಣುಕನ್ನು ಆ ಗುಂಪಿಗೇ ಹಾಕಿದೆ. ಐದು ವಾರಗಳ ಮೇಲೆ, ನನಗೆ ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಒಬ್ಬರು ಹಳೆಯ ರೆಕಾರ್ಡಿನ ಹೊದಿಕೆಯ ಫೋಟೋ ಕಳಿಸಿದರು. ಇಪ್ಪತ್ಮೂರು ನಿಮಿಷದ ಮಾತೆಲ್ಲ ಅದರ ಹಿಂದೆ ಅಚ್ಚಾಗಿತ್ತು. ಎರಡು ದಿನ ಕುಳಿತು ಕನ್ನಡಕ್ಕೆ ತಂದೆ. ಆ ನಾಲ್ಕು ಸಾಲಿಗೆ ಬಂದಾಗ ನಿಜವಾಗಿ ಏನಿದೆ ಎಂದು ತಿಳಿಯಿತು. ತಿಳಿದೂ ಒಯ್ದೆ. ಸರಿಯಾದದ್ದನ್ನು ತಿಳಿಸುವುದು ಒಳ್ಳೆಯದೇ ಎಂದುಕೊಂಡಿದ್ದೆ.

ಅದು ಇಪ್ಪತ್ತನೇ ಅಮಾವಾಸ್ಯೆ. ಮಾಸ್ತರರ ಎದುರಿಗೇ ಓದಿದೆ. ಗಾಜಿನ ಹಡಗು, ಮೂರು ಕಣ್ಣಿನ ಹಕ್ಕಿ, ಗಡಿಯಾರದೊಳಗೆ ಮಲಗಿದ ರಾಣಿ, ಎಲ್ಲ ಬಂದವು. ಕಾಕಾ ನಗುತ್ತ ಕೇಳುತ್ತಿದ್ದರು. ಕೊನೆಯ ನಾಲ್ಕು ಸಾಲು ಹೀಗಿತ್ತು: ಹಡಗಿನ ಕಾವಲುಗಾರ ಚಂದ್ರನಿಗೆ ಹೇಳುತ್ತಾನೆ, ನಿನ್ನ ಏಳು ಬೀಗಗಳನ್ನು ನಾನೇ ನುಂಗಿದ್ದೇನೆ, ರುಚಿ ಉಪ್ಪುಪ್ಪಾಗಿತ್ತು, ಇನ್ನು ಬಾಗಿಲು ಬಡಿಯಬೇಡ.

"ಬೀಗ ನುಂಗ್ಯಾನಂತ!" ಮಾಸ್ತರರು ಕೆಮ್ಮು ಬರುವವರೆಗೆ ನಕ್ಕರು. "ಯಾ ಅಲ್ಲಾ, ಹೊಟ್ಟಿ ಬ್ಯಾನಿ ಆಗಲಿಲ್ಲೇನಪ್ಪ ಅವಗ? ಇದಕ್ಕ ಮೂವತ್ತು ವರ್ಷ ತಲಿ ತೂಗಿದೇನೋ ಮಾರಾಯ!"

ನಾನೂ ನಕ್ಕೆ. ಆ ದಿನದ ದಿನಚರಿಯಲ್ಲಿ ಅದನ್ನು ಬರೆದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಕಾಕಾ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ನೋಡಿದರು. "ಅಕ್ಷರ ಚಂದ ಅದಾವ," ಎಂದರು. ಟೇಪು ಹಾಕದೆ, ಗೂಡಂಗಡಿಗೆ ಕೂಗಿ ಮೂರು ಚಹಾ ಹೇಳಿದರು.

ಮುಂದಿನ ಅಮಾವಾಸ್ಯೆ ಎಂಟಕ್ಕೆ ಸರಿಯಾಗಿ ಹೋದೆ. ಕಾಕಾ ಮೋಟರೊಂದಕ್ಕೆ ತಂತಿ ಸುತ್ತುತ್ತಿದ್ದರು. ಟೇಪ್ ರೆಕಾರ್ಡರಿನ ಮೇಲೆ ವಾರ್ನಿಷ್ ಡಬ್ಬಿ ಕುಳಿತಿತ್ತು. ಸುತ್ತು ಮುಗಿಯುವವರೆಗೆ ನಿಂತೆ.

"ಇವತ್ತ ಅಮಾಸಿ ಅಲ್ಲೇನ್ರಿ ಕಾಕಾ?"

"ಹೌದವಾ. ಕೆಲಸ ಭಾಳ ಅದಾವ."

ಮೂಲೆಯಲ್ಲಿ ಬಿಚ್ಚಬೇಕಾದ ಮೋಟರು ಒಂದೂ ಇರಲಿಲ್ಲ. ಅದರ ಮುಂದಿನ ಅಮಾವಾಸ್ಯೆಯೂ ಹಾಗೆಯೇ. ಅದರ ಮುಂದಿನದೂ. ಮಾಸ್ತರರು ಬರುವುದನ್ನು ಬಿಟ್ಟರು. ಸುರಪುರದ ಬಸ್ಸಿನಲ್ಲಿ ಕುಳಿತಾಗ ನನ್ನ ಬೆರಳು ತಾನಾಗಿ ಏಳರ ತಾಳ ಹಾಕುತ್ತಿತ್ತು, ನಾನು ಅದನ್ನು ಮುಷ್ಟಿಯೊಳಗೆ ಹಿಡಿಯುತ್ತಿದ್ದೆ.

ತಡೆಯಲಾಗದೆ ಒಂದು ಬುಧವಾರ ಕಚೇರಿಗೆ ರಜೆ ಹಾಕಿ ಹೋದೆ. "ನಂದು ತಪ್ಪಾತ್ರಿ ಕಾಕಾ," ಎಂದೆ.

"ನಿಂದೇನೂ ತಪ್ಪಿಲ್ಲವಾ," ಎಂದರು. "ಹಾಡು ಅಂದ ಮ್ಯಾಲ ಅರ್ಥ ಹೇಳಬೇಕು. ನಮ್ಮಪ್ಪಂದೂ ಅದೇ ಮಾತಿತ್ತು." ಎದ್ದು ಅಂಗಡಿಯ ಒಂದು ಬಾಗಿಲು ಮುಚ್ಚಿ ಬಂದು ಕುಳಿತರು. ಅಂದು ಮೊದಲ ಸಲ ತಮ್ಮ ತಂದೆಯ ವಿಷಯ ಹೇಳಿದರು.

ಅವರ ತಂದೆ ತಿಂಥಣಿಯಲ್ಲಿ ಭಜನಾ ಮೇಳದ ಮುಖ್ಯಸ್ಥರು. ಆ ಮೇಳದಲ್ಲಿ ಒಂದು ಪದ್ಧತಿಯಿತ್ತು. ಪದದ ಮೊದಲ ಎರಡು ನುಡಿ, ಎಂದರೆ ಚರಣ, ಯಾರಿಗಾದರೂ ಕಲಿಸುತ್ತಿದ್ದರು. ಕೊನೆಯ ನುಡಿ ಮಾತ್ರ, ಕೂಡಿದ ಜನರ ಮುಂದೆ ಮೊದಲೆರಡರ ಅರ್ಥ ಬಿಡಿಸಿ ಹೇಳಿದವನಿಗೆ. ಹದಿನೇಳನೇ ವಯಸ್ಸಿನಲ್ಲಿ ಕಾಕಾ ಗುಡಿಯ ಪೌಳಿಯಲ್ಲಿ ಒಂದು ಪದ ಹಾಡಿದರು. ಬಾವಿಗೆ ಇಳಿಯುತ್ತಿರುವ ಕೊಡ ಹಗ್ಗವನ್ನು ಕೇಳುವ ಪದ: ನೀನು ನನ್ನನ್ನು ಇಳಿಸುತ್ತೀಯೋ, ನಾನು ನಿನ್ನನ್ನು ಎಳೆಯುತ್ತೇನೋ? ಹಗ್ಗದ ಉತ್ತರ ಇರುವುದು ಕೊನೆಯ ನುಡಿಯಲ್ಲಿ.

"ದನಿ ಚಂದಿತ್ತು ನಂದು. ಮಂದಿ ತಲಿ ತೂಗಾಕತ್ತಿದ್ರು. ಒಬ್ಬ ಎದ್ದು ಅರ್ಥ ಹೇಳು ಅಂದ. ಬಾಯಿ ಕಟ್ಟಿತವಾ. ನಮ್ಮಪ್ಪ ಎದ್ದು ಬಂದು, ಎಲ್ಲಾರ ಮುಂದ ನನ್ನ ಕೈಯಾಗಿನ ತಾಳ ಕಸಗೊಂಡ. ಒಂದೂ ಬೈಲಿಲ್ಲ. ಬೈದಿದ್ರ ಉಳೀತಿದ್ದೆ."

ಮರುದಿನ ಹೈದರಾಬಾದ್ ಬಸ್ಸು ಹತ್ತಿದರು. ಮೂರು ವರ್ಷದ ನಂತರ ತಂದೆ ತೀರಿದ ಸುದ್ದಿ ಅವರಿಗೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾರೂ ಅರ್ಥ ಕೇಳಲಾರದ ಹಾಡುಗಳ ಡಬ್ಬಿ ಕೈಗೆ ಬಂದದ್ದು ಆ ವರ್ಷವೇ. ನಾಲ್ಕನೆಯದರ ಕೊನೆಯ ದನಿ ಕೇಳಿದಾಗ, ತನಗೆ ಸಿಗದ ನುಡಿ ಇದೇ ಎಂದುಕೊಂಡರು. ಮೂವತ್ತು ವರ್ಷ ಹಾಗೆಯೇ ಕೇಳಿದರು.

 

"ಬೀಗ ನುಂಗಿದವನ ಮಾತು ಅಷ್ಟು ದೂರಿಂದ ತಂದಿ," ಎಂದರು, ಸ್ವಲ್ಪ ನಕ್ಕು. "ತಿಂಥಣಿ ಎರಡು ಬಸ್ಸಿನ ಹಾದಿ. ಹಗ್ಗ ಏನಂತು, ಅದೊಂದು ತಂದು ಕೊಡು ಲೆಕ್ಕದಾಕಿ. ನನಗ ಹೋಗಾಕ ಕಾಲು ಬರವಲ್ದು."

ನಾನು ನಾಲ್ಕು ಸಲ ತಿಂಥಣಿಗೆ ಹೋದೆ. ಹಳೆಯ ಮೇಳದವರಲ್ಲಿ ಯಾರೂ ಉಳಿದಿಲ್ಲ. ಹನ್ನೊಂದು ಜನರನ್ನು ಕೇಳಿದೆ. ಮೂವರಿಗೆ ಮೊದಲ ನುಡಿ ಗೊತ್ತಿತ್ತು, ಒಬ್ಬರಿಗೆ ಎರಡನೆಯದೂ. ಹೊಳೆದಂಡೆಯಲ್ಲಿ ಬಲೆ ಹೊಲಿಯುತ್ತಿದ್ದ ಮುದುಕಿಯೊಬ್ಬಳು ಆ ದಿನದ ಭಜನೆಯಲ್ಲಿ ತಾನೂ ಕುಳಿತಿದ್ದೆ ಎಂದಳು.

"ತಾಳ ಕಸಗೊಂಡಾನಲ್ಲ, ಆ ಮ್ಯಾಲ ಆ ಪದ ಅಂವಾ ಹಾಡೇ ಇಲ್ಲವ್ವಾ. ಯಾರಿಗೂ ಕಲಸಿಲ್ಲ," ಎಂದಳು. "ದೇವಾಪುರದಾಗ ಅವನ ಶಿಷ್ಯಾ ಒಬ್ಬಿದ್ದ. ಅವಗ ಮದಲೇ ಕಲಸಿದ್ರ ಕಲಸಿದ್ದಾನು."

ತಂದೆಯೂ ಆ ಪದವನ್ನು ಹಾಡುವುದನ್ನೇ ಬಿಟ್ಟಿದ್ದರು ಎಂಬುದನ್ನಾದರೂ ಕಾಕಾ ಅವರಿಗೆ ಹೇಳೋಣ, ದೇವಾಪುರವನ್ನೂ ನೋಡಿಕೊಂಡೇ ಹೋಗಿ ಒಟ್ಟಿಗೆ ಹೇಳೋಣ ಎಂದುಕೊಂಡೆ. ಅರ್ಧ ಉತ್ತರ ಒಯ್ಯುವುದು ನನಗೆ ಒಗ್ಗುವುದಿಲ್ಲ. ದೇವಾಪುರದಲ್ಲಿ ಆ ಶಿಷ್ಯರ ಮನೆಯವರು, ಅವರು ಯಾದಗಿರಿ ಕಡೆ ಎಲ್ಲೋ ಹೋಗಿದ್ದಾರೆಂದರು. ಹತ್ತಿಕುಣಿಯಲ್ಲಿ ಇರಬಹುದೆಂದು ಇನ್ನೊಬ್ಬರು. ಹತ್ತಿಕುಣಿಗೆ ಹೋಗಿದ್ದೆ, ಅಲ್ಲಿಯೂ ಇರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಮಾಸ್ತರರ ಫೋನು ಬಂತು. ಯಾದಗಿರಿಯ ಆಸ್ಪತ್ರೆಯಲ್ಲಿ, ಮಧ್ಯಾಹ್ನ ಮೂರೂ ಹತ್ತಕ್ಕೆ, ಕಾಕಾ ಅವರ ಹೃದಯ ನಿಂತಿತು. ಮಾಸ್ತರರು ಅಷ್ಟು ಹೇಳಿ, "ನಾನು ಅಷ್ಟು ನಗಬಾರದಿತ್ತು ಬೇಟಿ," ಎಂದರು. ಮುದುಕಿಯ ಮಾತು ನನ್ನ ಚೀಲದ ಪುಸ್ತಕದಲ್ಲಿ ಹದಿನೆಂಟು ದಿನಗಳಿಂದ ಇತ್ತು. ಹದಿನೆಂಟು ದಿನ. ಯಾವ ದಿನವಾದರೂ ಸಂಜೆ ಐದು ನಿಮಿಷ ನಡೆದು ಹೋಗಿ ಹೇಳಬಹುದಿತ್ತು.

ಮಾತು ಮುಖ್ಯವೋ ಅಲ್ಲವೋ ಎಂದು ಈಗ ಯಾರಾದರೂ ಕೇಳಿದರೆ ನಾನು ಯಾವ ಕಡೆಯ ಲೆಕ್ಕಕ್ಕೂ ಸೇರುವುದಿಲ್ಲ. ಕಂಠವೂ ಒಂದು ವಾದ್ಯ ಎಂದ ಆ ಹದಿನೈದು ಜನರಲ್ಲಿ ಎಷ್ಟು ಮಂದಿ ಯಾವ ಸಾಲಿನೊಳಗೆ ಯಾರನ್ನು ಇಟ್ಟುಕೊಂಡಿದ್ದಾರೋ ಗೊತ್ತಿಲ್ಲ. ಆ ಪ್ರಶ್ನೆ ಕೇಳುವುದು ನನ್ನ ಪಟ್ಟಿಯಲ್ಲಿರಲಿಲ್ಲ.

ಕಾಕಾ ಹೇಳಿದ ಕೆಲಸವನ್ನು ನಾನು ಬಿಟ್ಟಿಲ್ಲ. ದೇವಾಪುರದ ಶಿಷ್ಯರು ಎಲ್ಲಿದ್ದಾರೆಂದು ಬಲ್ಲವರು, ಅಥವಾ ತಿಂಥಣಿ, ಸುರಪುರ, ಯಾದಗಿರಿ ಸೀಮೆಯಲ್ಲಿ ಕೊಡ ಹಗ್ಗವನ್ನು ಕೇಳುವ ಆ ಪದವನ್ನು ಪೂರ್ತಿ ಕೇಳಿದವರು ಇದ್ದರೆ, ದಯವಿಟ್ಟು ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ತಪ್ಪಿದ್ದರೂ ಅಡ್ಡಿಯಿಲ್ಲ, ಒಂದೇ ಸಾಲಾದರೂ ಸರಿ. ನಾನು ಅರ್ಥ ಕೇಳುವುದಿಲ್ಲ. ಹಗ್ಗ ಏನೆಂದಿತು, ಅಷ್ಟು ಸಾಕು.